ಮೈ ನನ್ನದು, ಪೇಪರ್ ಯಾರದು?

ನಮಸ್ಕಾರ. ನನ್ನ ಬ್ಲೌಸ್ ಕತ್ತರಿಸೋಕೆ ಟೈಲರ್ ನನ್ನ ಅಳತೆಗೆ ಮಾಡಿಟ್ಟುಕೊಂಡಿದ್ದ ಒಂದು ಹಳೇ ನ್ಯೂಸ್‌ಪೇಪರ್ ತುಂಡಿಗೆ ನಾನು ಜಗಳ ಆಡಿದ ಕಥೆ ಇದು.

ತುಮಕೂರಿನ ಮಂಡಿಪೇಟೆಯಲ್ಲಿ ಒಬ್ಬರೇ ಟೈಲರ್ ಹತ್ತಿರ ಎಂಟು ವರ್ಷ ಬ್ಲೌಸ್ ಹೊಲಿಸಿದ್ದೆ. ಆಮೇಲೆ ಮನೆ ಕ್ಯಾತ್ಸಂದ್ರಕ್ಕೆ ಬದಲಾಯಿತು. ಅಷ್ಟು ದೂರ ಯಾರು ಓಡಾಡುತ್ತಾರೆ ಅಂತ ಇಲ್ಲೇ ಒಬ್ಬರನ್ನು ನೋಡಿಕೊಂಡೆ. ಹಳಬರ ಹತ್ತಿರ ಹೋಗಿ, "ಮಾಸ್ಟರ್, ನನ್ನ ಪೇಪರ್ ಕಟಿಂಗ್ ಕೊಟ್ಟುಬಿಡಿ" ಅಂದೆ.

"ಅಳತೆ ಬೇಕಾದರೆ ಬರೆದು ಕೊಡ್ತೀನಕ್ಕ. ಪೇಪರ್ ಕೊಡಲ್ಲ."

ಸಿಟ್ಟು ನೆತ್ತಿಗೇರಿತು. ಮೈ ನನ್ನದು, ದುಡ್ಡು ನನ್ನದು, ಪೇಪರ್ ಮಾತ್ರ ಇವರದಾ? ಹಾಗೇ ಕೂಗಾಡಿ ಬಂದೆ. ಈಗ ಅನ್ನಿಸುತ್ತದೆ, ಅವರು ಹೇಳಿದ್ದೇ ಸರಿ.

ಆ ಪೇಪರ್ ನೀವು ನೋಡಬೇಕಿತ್ತು. ನನ್ನ ಬಲ ಭುಜ ಎಡಕ್ಕಿಂತ ಅರ್ಧ ಇಂಚು ಇಳಿದಿದೆ. ನನಗೇ ಗೊತ್ತಿರಲಿಲ್ಲ! ಮೊದಲ ಬ್ಲೌಸಿನ ಕುತ್ತಿಗೆ ಬಲಕ್ಕೇ ಜಾರುತ್ತಿತ್ತು. ಮಾಸ್ಟರ್ ನಿಲ್ಲಿಸಿ ನೋಡಿದರು, ಪೇಪರಿನ ಭುಜದ ಹತ್ತಿರ ಕತ್ತರಿ ಆಡಿಸಿದರು. ಎರಡನೆಯದಕ್ಕೆ ಕಂಕುಳ ಹತ್ತಿರ ಗಮ್ ಹಚ್ಚಿ ಇನ್ನೊಂದು ಚೂರು ಅಂಟಿಸಿದರು. ಮಗು ಆದಮೇಲೆ ಡಾರ್ಟ್, ಅಂದರೆ ಎದೆಯ ಹತ್ತಿರ ಮಡಚಿ ಹೊಲಿಯುವ ಪಟ್ಟು, ಅದರ ಜಾಗವೇ ಬದಲಾಯಿತು. ಕೊನೆಗೆ ಅದು ತೇಪೆ ಹಾಕಿದ ಕೌದಿ ಥರ ಆಗಿತ್ತು. ಅಳತೆ ಬುಕ್ಕಿನಲ್ಲಿ ಶೋಲ್ಡರ್ 14, ಎದೆ 36 ಅಂತ ಅಷ್ಟೇ ಇರುತ್ತದೆ. ಆ ಅಳತೆಯ ಹೆಂಗಸರು ಊರಲ್ಲಿ ಬೇಕಾದಷ್ಟು ಜನ. ಒಬ್ಬರ ಬ್ಲೌಸ್ ಇನ್ನೊಬ್ಬರಿಗೆ ಕೂರುತ್ತದಾ? ನಾನು ಕೊಟ್ಟದ್ದು ಹೊಲಿಗೆ ಕೂಲಿ. ಆ ತೇಪೆಗಳಿಗೆ ನಾನು ಕಾಸು ಕೊಟ್ಟಿಲ್ಲ.

ಲಂಡನ್ನಿನಲ್ಲಿ ಸೂಟು ಹೊಲಿಯುವ ಟೈಲರ್‌ಗಳ ಬೀದಿ ಸ್ಯಾವಿಲ್ ರೋನಲ್ಲೂ ಇದೇ ರೂಢಿ. 1846ರಿಂದ ಆ ಬೀದಿಯ ಜೊತೆ ಹೆಸರು ಸೇರಿಕೊಂಡಿರುವ ಹೆನ್ರಿ ಪೂಲ್‌ನಂಥ ಅಂಗಡಿಗಳಲ್ಲಿ ಸೂಟಿಗೆ ಲಕ್ಷಗಟ್ಟಲೆ ಆಗುತ್ತದೆ. ಸೂಟು ಗಿರಾಕಿ ಮನೆಗೆ, ಪೇಪರ್ ಅಂಗಡಿಯ ಕೊಕ್ಕೆಗೆ.

ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಒಂದು ತಮಾಷೆ ಇದೆ. 17ನೇ ಸೆಕ್ಷನ್ ಪ್ರಕಾರ ನೀವು ದುಡ್ಡು ಕೊಟ್ಟು ಫೋಟೊ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಅದರ ಹಕ್ಕು ನಿಮ್ಮದೇ. ಪೇಂಟಿಂಗ್, ಸಿನಿಮಾಗೂ ಹಾಗೇ. ಆ ಪಟ್ಟಿಯಲ್ಲಿ ಟೈಲರ್ ಎಳೆದ ಗೆರೆ ಇಲ್ಲ. ಅಂದರೆ ಮದುವೆ ಫೋಟೊ ನನ್ನದು, ಅದರಲ್ಲಿ ನಾನು ಹಾಕಿರುವ ಬ್ಲೌಸಿನ ಪೇಪರ್ ನನ್ನದಲ್ಲ!

ನನಗೆ ನಿಜವಾಗಿ ಬೇಜಾರಾಗುವುದು ಬೇರೆ ಕಡೆ. ಎಷ್ಟೋ ಅಂಗಡಿಗಳಲ್ಲಿ ಕೊರಳಿಗೆ ಟೇಪು ಹಾಕಿಕೊಂಡು ಮುಂದೆ ಕೂರುವವರು ಓನರ್. ಒಳಗೆ ನಿಂತು ಕತ್ತರಿಸುವವರು ಕಟಿಂಗ್ ಮಾಸ್ಟರ್. ಸಂಬಳಕ್ಕಿದ್ದವರು ಕೆಲಸದ ಭಾಗವಾಗಿ ಮಾಡಿದ್ದು, ಬೇರೆ ಮಾತಾಗಿಲ್ಲದಿದ್ದರೆ, ಓನರಿಗೆ ಸೇರುತ್ತದೆ ಅನ್ನುತ್ತದೆ ಅದೇ ಸೆಕ್ಷನ್. ಪೀಸ್ ಲೆಕ್ಕದಲ್ಲಿ ದುಡಿಯುವವರದ್ದು ನೌಕರಿಯೋ ಗುತ್ತಿಗೆಯೋ ಅಂತ ಲಾಯರ್‌ಗಳು ವಾದ ಮಾಡಬಹುದು. ಪಿಎಫ್ ಕೇಳಿದಾಗ "ನೀನು ನಮ್ಮ ನೌಕರನಲ್ಲ", ಪೇಪರ್ ಕೇಳಿದಾಗ "ನಮ್ಮ ಅಂಗಡೀದು". ಎರಡೂ ಹೇಗಾಗುತ್ತದೆ? ಬಿಟ್ಟು ಹೋಗುವ ಮಾಸ್ಟರ್ ತಾವು ತಿದ್ದಿದ ಪೇಪರಿನ ಒಂದು ಕಾಪಿ ಒಯ್ಯಲಿ ಅನ್ನುತ್ತೇನೆ ನಾನು. ಮೈ ನನ್ನದು ನೋಡಿ, ನನ್ನನ್ನು ಒಂದು ಮಾತು ಕೇಳಿದರೆ ಸಾಕು.

ಕ್ಯಾತ್ಸಂದ್ರದವರಿಗೆ ಕೊನೆಗೆ ಅಳತೆ ಬ್ಲೌಸ್ ಕೊಟ್ಟೆ. ಕ್ರಾಸ್ ಕಟಿಂಗ್, ಅಂದರೆ ಓರೆಯಾಗಿ ಕತ್ತರಿಸಿದ ಬಟ್ಟೆ, ಒಗೆದು ಒಗೆದು ಎಳೆದುಕೊಂಡಿತ್ತು. ಹೊಸದು ಕಂಕುಳಲ್ಲಿ ಲೂಸ್, ಕುತ್ತಿಗೆ ಮತ್ತೆ ಬಲಕ್ಕೆ. "ಬಲ ಭುಜ ಅರ್ಧ ಇಂಚು ಇಳಿಸಿ ನೋಡಿ" ಅಂದೆ. ಅವರು ಟೇಪು ಹಿಡಿದು ನೋಡಿ, "ಮೊದಲೇ ಹೇಳಬಾರದಾ ಅಕ್ಕ, ಇಷ್ಟು ಕರೆಕ್ಟಾಗಿ ಗೊತ್ತಿದೆಯಲ್ಲ ನಿಮಗೆ" ಅಂದರು.

ಸುಮ್ನೆ ನಕ್ಕೆ. ಅದನ್ನು ಕಂಡುಹಿಡಿದವರು ಮಂಡಿಪೇಟೆ ಮಾಸ್ಟರ್ ಅಂತ ಬಾಯಿ ಬಿಡಲಿಲ್ಲ.