ಲ್ಯಾಬಿಗೆ ಬಂದ ಕಳೆಗಿಡ

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಹೇಳಹೊರಟಿರುವ ಗಿಡವನ್ನು ಯಾರೂ ಬೆಳೆದು ಮಾರುವುದಿಲ್ಲ, ಮುಡಿಯುವುದೂ ಇಲ್ಲ. ಹೆಸರು ಅರಬಿಡಾಪ್ಸಿಸ್. ಸಾಸಿವೆಯ ಬಳಗ, ಒಂದು ಗೇಣು ಎತ್ತರ, ಯುರೋಪಿನ ರಸ್ತೆ ಬದಿಯ ಕಳೆ. ಆದರೆ ಗಿಡ ಹೇಗೆ ಬೆಳೆಯುತ್ತದೆ, ಯಾವಾಗ ಹೂ ಬಿಡುತ್ತದೆ ಅಂತ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಇದರಿಂದಲೇ ಬಂದಿದ್ದು.

ಜರ್ಮನಿಯ ಸಸ್ಯವಿಜ್ಞಾನಿ ಫ್ರೀಡ್ರಿಶ್ ಲೈಬಾಖ್ 1907ರಲ್ಲಿ ಇದರ ಕ್ರೋಮೋಸೋಮ್ ಎಣಿಸಿದರು. ಐದೇ ಜೋಡಿ. ಆದರೆ ತೀರಾ ಚಿಕ್ಕವು, ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಕಷ್ಟ. ಗಿಡವನ್ನು ಪಕ್ಕಕ್ಕಿಟ್ಟರು. ಮತ್ತೆ ಕೈಗೆತ್ತಿಕೊಂಡಿದ್ದು 1930ರ ದಶಕದಲ್ಲಿ. 1943ರಲ್ಲಿ, ಯುದ್ಧದ ನಡುವೆ, ತಳಿವಿಜ್ಞಾನಕ್ಕೆ ಇದು ಹೇಳಿಮಾಡಿಸಿದ ಗಿಡ ಎಂದು ಬರೆದರು. ನಿಜವೇ. ಹೊಲ ಬೇಡ, ಎರಡು ತಿಂಗಳೊಳಗೆ ಬೀಜದಿಂದ ಬೀಜ, ಒಂದೊಂದು ಗಿಡಕ್ಕೆ ಸಾವಿರಾರು.

ಕೇಳಿಸಿಕೊಂಡವರು ಕಡಿಮೆ. ಹಂಗೇರಿಯಿಂದ ಅಮೆರಿಕಕ್ಕೆ ಹೋದ ಜಾರ್ಜ್ ರೆಡೈ, ಲೈಬಾಖ್ ಕೊಟ್ಟ ಬೀಜಗಳನ್ನು ಮಿಸ್ಸೌರಿಯಲ್ಲಿ ವರ್ಷಗಟ್ಟಲೆ ಬೆಳೆಸಿದರು. ಅವರು ಆರಿಸಿದ ಒಂದು ತಳಿಗೆ ಊರಿನ ಹೆಸರೇ ಬಂತು, ಕೊಲಂಬಿಯಾ. ಉಳಿದವರಿಗೆ ಮೆಕ್ಕೆಜೋಳ, ಟೊಮೆಟೊ, ತಂಬಾಕು ಸಾಕಿತ್ತು. ಸುಮ್ನೆ ಬೆಳೆಯುವ ಕಳೆಗೆ ದುಡ್ಡು ಯಾರು ಕೊಡುತ್ತಾರೆ, ಹೇಳಿ?

1980ರ ದಶಕದಲ್ಲಿ ಗಾಳಿ ತಿರುಗಿತು. ಜೀನ್ ಹುಡುಕಿ ಹೊರತೆಗೆಯುವ ವಿದ್ಯೆ ಬಂದಿತ್ತು. ಹುಡುಕುವ ಜಾಗ ಚಿಕ್ಕದಿದ್ದಷ್ಟೂ ಒಳ್ಳೆಯದು. ಗೋಧಿಯ ಜೀನೋಮಿನಲ್ಲಿ, ಅಂದರೆ ಅದರ ಪೂರ್ತಿ ಡಿಎನ್‌ಎ ಬರಹದಲ್ಲಿ, ಸುಮಾರು 1600 ಕೋಟಿ ಅಕ್ಷರ, ಇದರಲ್ಲಿ 13 ಕೋಟಿಯ ಆಸುಪಾಸು. ಲೈಬಾಖ್‌ರನ್ನು ಹಿಂದೆ ಸರಿಸಿದ ಆ ಚಿಕ್ಕತನವೇ ಈಗ ಇದರ ಬಲ.

ಅಮೆರಿಕದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದ ಎಲಿಯಟ್ ಮೆಯರೋವಿಟ್ಜ್ ಹೂವು ಕೆಟ್ಟ ಗಿಡಗಳನ್ನು ಆರಿಸಿಕೊಂಡರು. ಒಂದರಲ್ಲಿ ಕೇಸರದ ಜಾಗದಲ್ಲೂ ಎಸಳು. ಏಳು ಸುತ್ತಿನ ಮಲ್ಲಿಗೆಯ ಹಾಗೆ ಎಸಳ ಒಳಗೆ ಎಸಳು. ಕೆಟ್ಟಿದ್ದು ಒಂದೇ ಜೀನ್! ಇಂಗ್ಲೆಂಡಿನ ಎನ್ರಿಕೊ ಕೋಯೆನ್ ಬೇರೆ ಹೂವಿನಲ್ಲಿ ಇಂಥದ್ದನ್ನೇ ನೋಡುತ್ತಿದ್ದರು. ಇಬ್ಬರೂ ಸೇರಿ 1991ರಲ್ಲಿ ಎಬಿಸಿ ಮಾದರಿ ಮುಂದಿಟ್ಟರು. ಮೂರು ಬಗೆಯ ಜೀನ್‌ಗಳು, ಎಲ್ಲಿ ಯಾವುದು ಕೆಲಸ ಮಾಡುತ್ತದೆ ಎನ್ನುವುದರ ಮೇಲೆ ಪುಷ್ಪಪತ್ರ, ಎಸಳು, ಕೇಸರ, ಅಂಡಾಶಯ.

ನನಗೆ ಜಾಸ್ತಿ ಇಷ್ಟವಾದದ್ದು 1998ರ ಒಂದು ಉಪಾಯ. ಗಿಡಕ್ಕೆ ಹೊಸ ಜೀನ್ ಸೇರಿಸಬೇಕಾದರೆ ಸಾಮಾನ್ಯವಾಗಿ ಅಂಗಾಂಶ ಕೃಷಿ, ತಿಂಗಳುಗಟ್ಟಲೆ ಕಾಯುವುದು ಇರುತ್ತಿತ್ತು. ಸ್ಟೀವನ್ ಕ್ಲಫ್ ಮತ್ತು ಆಂಡ್ರ್ಯೂ ಬೆಂಟ್ ಏನು ಮಾಡಿದರು? ಸಕ್ಕರೆ ನೀರಿಗೆ ಸೋಪಿನಂಥ ದ್ರವ, ಜೀನ್ ಹೊತ್ತ ಬ್ಯಾಕ್ಟೀರಿಯಾ ಬೆರೆಸಿದರು. ಹೂಗೊಂಚಲನ್ನು ಅದರಲ್ಲಿ ಅದ್ದಿ ತೆಗೆದರು. ಬೀಜವಾದ ಮೇಲೆ ಕೆಲವಲ್ಲಿ ಹೊಸ ಜೀನ್ ಇತ್ತು. ವಿದ್ಯಾರ್ಥಿಯೊಬ್ಬ ಮಧ್ಯಾಹ್ನದೊಳಗೆ ಮಾಡಬಹುದಾದ ಕೆಲಸ.

2000ದ ಡಿಸೆಂಬರಿನಲ್ಲಿ ಪೂರ್ತಿ ಜೀನೋಮ್ ಬಂತು, ಸಸ್ಯಗಳಲ್ಲಿ ಮೊದಲನೆಯದು. ಓದಿದ್ದು ಅದೇ ಕೊಲಂಬಿಯಾ ತಳಿಯನ್ನು.

ಇದರಿಂದ ರೈತನಿಗೇನು ಅಂತ ಕೇಳುತ್ತೀರಿ, ಅಲ್ವಾ? 1960ರ ದಶಕದಲ್ಲಿ ಹಸಿರು ಕ್ರಾಂತಿಯ ಗಿಡ್ಡ ಗೋಧಿ ನಮ್ಮ ದೇಶಕ್ಕೆ ಬಂತು. ಅದು ಯಾಕೆ ಗಿಡ್ಡ? ಜೀನ್ ಮಟ್ಟದ ಉತ್ತರ ಸಿಕ್ಕಿದ್ದು 1999ರಲ್ಲಿ. ಬೆಳೆಯಲು ಹೇಳುವ ಜಿಬ್ಬೆರೆಲಿನ್ ಹಾರ್ಮೋನಿನ ಮಾತನ್ನು ಆ ಗೋಧಿ ಅಷ್ಟಾಗಿ ಕೇಳುವುದಿಲ್ಲ. ಆ ಜೀನನ್ನು ಗುರುತಿಸಲು ದಾರಿ ತೋರಿಸಿದ್ದು ಅರಬಿಡಾಪ್ಸಿಸ್‌ನಲ್ಲಿ ಮೊದಲೇ ಸಿಕ್ಕಿದ್ದ, ಅದನ್ನೇ ಹೋಲುವ ಜೀನ್.

ಎಲ್ಲವೂ ಇದರಲ್ಲಿಲ್ಲ. ತೊಗರಿ, ಕಡಲೆಯ ಹಾಗೆ ಇದರ ಬೇರಿನಲ್ಲಿ ಗಂಟು ಕಟ್ಟುವುದಿಲ್ಲ. ರಾಗಿ, ಜೋಳ, ಕಬ್ಬು ಬಿಸಿಲಲ್ಲಿ ಆಹಾರ ಮಾಡಿಕೊಳ್ಳುವ ಸಿ4 ವಿಧಾನವೂ ಇದಕ್ಕೆ ಬರುವುದಿಲ್ಲ. ಅದಕ್ಕೆ ಈಗ ನವಣೆಯ ಕಾಡು ಮೂಲವಾದ ಸೆಟೇರಿಯಾ ವಿರಿಡಿಸ್ ಎಂಬ ಹುಲ್ಲನ್ನು ಲ್ಯಾಬುಗಳಲ್ಲಿ ಬೆಳೆಸುತ್ತಿದ್ದಾರೆ. ಪ್ರಶ್ನೆಗಳಿದ್ದರೆ ಕೇಳಿ.