ಮೈ ಕೊರೆಯುವ ಚಳಿಯಲ್ಲೇ ಮರ್ರೆ ಕಾಡ್ ಮೀನು ಗಾಳಕ್ಕೆ ಬೀಳುವುದು ಯಾಕೆ?

[ದೃಶ್ಯ: ಕತ್ತಲು. ಡ್ಯಾಮಿನ ಹಿನ್ನೀರು. ಬಂಡೆಯ ಮೇಲೆ ತಲೆಗೆ ಟಾರ್ಚ್ ಕಟ್ಟಿಕೊಂಡು ಗಾಳ ಎಸೆಯುತ್ತಿರುವವರು. ಬಾಯಿಂದ ಹಬೆ.]

ನಮಸ್ಕಾರ. ಆಸ್ಟ್ರೇಲಿಯಾದಲ್ಲಿರುವ ಕನ್ನಡಿಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದರು. "ಸರ್, ಜುಲೈ ತಿಂಗಳು, ಇಲ್ಲಿ ಚಳಿಗಾಲ. ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ. ನಮ್ಮ ಆಫೀಸಿನವರು ಐನೂರು ಕಿಲೋಮೀಟರ್ ಗಾಡಿ ಓಡಿಸಿಕೊಂಡು ಹೋಗಿ, ರಾತ್ರಿಯೆಲ್ಲ ಡ್ಯಾಮಿನ ದಡದಲ್ಲಿ ನಿಂತು ಗಾಳ ಹಾಕ್ತಾರೆ. ಚಳಿಗೆ ಮೀನು ತಳ ಸೇರಿ ಸುಮ್ಮನಿರಬೇಕಲ್ವಾ?"

ನನಗೂ ಹಾಗೇ ಅನ್ನಿಸಿತ್ತು. ಆದರೆ ಉತ್ತರ ಹುಡುಕಲು ಕೂತಾಗ ಮೀನಿಗಿಂತ ಮೊದಲು ನೀರಿನ ಕಥೆ ಸಿಕ್ಕಿತು. ಇವತ್ತು ಜಾಸ್ತಿ ಹೊತ್ತು ಅಲ್ಲೇ ನಿಲ್ಲುತ್ತೇನೆ.

ಮೊದಲು ಮೀನಿನ ಪರಿಚಯ, ಬೇಗ ಬೇಗ. ಮರ್ರೆ ಕಾಡ್ ಆಸ್ಟ್ರೇಲಿಯಾದ ಅತಿ ದೊಡ್ಡ ಸಿಹಿನೀರಿನ ಮೀನು. ಮರ್ರೆ–ಡಾರ್ಲಿಂಗ್ ನದಿಗಳ ಜಾಲ ಇದರ ಮನೆ. ಸಮುದ್ರದ ಕಾಡ್ ಮೀನಿಗೂ ಇದಕ್ಕೂ ನಂಟಿಲ್ಲ. 1902ರಲ್ಲಿ ವಾಲ್ಗೆಟ್ ಹತ್ತಿರ ಬಾರ್ವನ್ ನದಿಯಲ್ಲಿ ಸಿಕ್ಕ ಒಂದು ಮೀನಿನ ತೂಕ 113 ಕಿಲೋ. ವಯಸ್ಸು ನಲವತ್ತು ದಾಟುವುದುಂಟು. ಮೀನು, ಸಿಗಡಿ ಅಷ್ಟೇ ಅಲ್ಲ, ಬಾತುಕೋಳಿ, ಹಾವು, ಆಮೆ, ಬಾಯಿಗೆ ಹಿಡಿಸುವ ಏನೇ ಈಜಿಕೊಂಡು ಬಂದರೂ ನುಂಗುತ್ತದೆ.

ಇನ್ನು ಜಾಗ. ಚಳಿಗಾಲದ ಕಾಡ್ ಬೇಟೆಗೆ ಹೆಸರಾದದ್ದು ಕೋಪ್‌ಟನ್ ಡ್ಯಾಮ್. ನ್ಯೂ ಸೌತ್ ವೇಲ್ಸ್ ರಾಜ್ಯದ ಉತ್ತರದಲ್ಲಿ, ಇನ್ವೆರೆಲ್ ಪಟ್ಟಣದ ಹತ್ತಿರ, ಗ್ವೈಡರ್ ನದಿಗೆ ಕಟ್ಟಿದ್ದು. 1976ರಲ್ಲಿ ಕೆಲಸ ಮುಗಿಯಿತು. ಇದರಲ್ಲಿ ಎಷ್ಟು ನೀರು ಹಿಡಿಯುತ್ತದೆ ಅಂತ ನಮ್ಮ ಟಿಎಂಸಿ ಲೆಕ್ಕಕ್ಕೆ ತಿರುಗಿಸಿ ನೋಡಿದೆ. ಸುಮಾರು 48 ಟಿಎಂಸಿ. ನಮ್ಮ ಕೆಆರ್‌ಎಸ್ 49 ಚಿಲ್ಲರೆ. ಹೆಚ್ಚುಕಡಿಮೆ ಒಂದೇ! ಆದರೆ ಕೆಆರ್‌ಎಸ್ ಕಟ್ಟೆಯ ಎತ್ತರ 130 ಅಡಿ, ಅಂದರೆ ಸುಮಾರು 40 ಮೀಟರ್. ಕೋಪ್‌ಟನ್ 113 ಮೀಟರ್. ಹೆಚ್ಚುಕಡಿಮೆ ಅಷ್ಟೇ ನೀರು, ಆಳ ಮಾತ್ರ ಬಹಳ ಜಾಸ್ತಿ. ಈ ಆಳವನ್ನು ನೆನಪಿಟ್ಟುಕೊಳ್ಳಿ.

[ದೃಶ್ಯ: ಬೆಂಗಳೂರಿನ ಮನೆಯ ತಾರಸಿ, ಸೋಲಾರ್ ವಾಟರ್ ಹೀಟರ್]

ಈಗ ತಾರಸಿಗೆ ಬನ್ನಿ. ಸೋಲಾರ್ ಟ್ಯಾಂಕ್ ಇರುವ ಮನೆಯಲ್ಲಿ ಕೊನೆಗೆ ಸ್ನಾನಕ್ಕೆ ಹೋದವರಿಗೆ ಏನಾಗುತ್ತದೆ? ಬಿಸಿ ಬಿಸಿ ಬರುತ್ತಿದ್ದ ನೀರು ಇದ್ದಕ್ಕಿದ್ದಂತೆ ತಣ್ಣಗಾಗುತ್ತದೆ. ಮೈಗೆ ಸೋಪು ಹಚ್ಚಿಕೊಂಡು ನಿಂತಿರುವಾಗಲೇ! ನಿಧಾನವಾಗಿ ತಣ್ಣಗಾಗುವುದಿಲ್ಲ, ಥಟ್ಟನೆ. ಯಾಕೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ?

ಬಿಸಿನೀರು ಹಗುರ, ತಣ್ಣೀರು ಭಾರ. ನಾವು ಮೇಲಿನಿಂದ ಬಿಸಿನೀರು ಬಳಸಿದ ಹಾಗೆ ಕೆಳಗಿನಿಂದ ತಣ್ಣೀರು ತುಂಬಿಕೊಳ್ಳುತ್ತದೆ. ಒಂದೇ ಟ್ಯಾಂಕು, ನಡುವೆ ತಟ್ಟೆಯೂ ಇಲ್ಲ, ಪರದೆಯೂ ಇಲ್ಲ. ಆದರೂ ಎರಡೂ ಸುಲಭಕ್ಕೆ ಬೆರೆಯುವುದಿಲ್ಲ. ಮೇಲೆ ಬಿಸಿಯ ಪದರ, ಕೆಳಗೆ ತಣ್ಣೀರಿನ ಪದರ, ನಡುವೆ ತೆಳ್ಳಗಿನ ಗಡಿ. ಆ ಗಡಿ ಮೇಲೇರುತ್ತ ಬಂದು ಪೈಪಿನ ಬಾಯಿ ಮುಟ್ಟಿದ ಕ್ಷಣ ನಿಮ್ಮ ಬಚ್ಚಲಲ್ಲಿ ತಣ್ಣೀರು. ಎಲ್ಲವೂ ಬೆರೆತಿದ್ದರೆ ಮೊದಲು ಹೋದವರಿಗೂ ಕೊನೆಗೆ ಹೋದವರಿಗೂ ಉಗುರುಬೆಚ್ಚಗಿನ ನೀರೇ ಸಿಗಬೇಕಿತ್ತು.

ಬೇಸಿಗೆಯ ಕೋಪ್‌ಟನ್ ಥೇಟ್ ಇದೇ ಟ್ಯಾಂಕು. ಡಿಸೆಂಬರ್, ಜನವರಿಯ ಬಿಸಿಲಿಗೆ ಮೇಲಿನ ಕೆಲವು ಮೀಟರ್ ನೀರು ಬೆಚ್ಚಗಾಗುತ್ತದೆ. ಆಳದ ನೀರು ತಣ್ಣಗೇ ಉಳಿಯುತ್ತದೆ. ಬೆರೆಯದ ನೀರಿಗೆ ಮೇಲಿನ ಗಾಳಿ ಸಿಗುವುದಿಲ್ಲ. ಅತ್ತ ತಳದಲ್ಲಿ ಎಲೆ, ಕಸ, ಪಾಚಿ ಕೊಳೆಯುತ್ತ ಇದ್ದಬದ್ದ ಆಮ್ಲಜನಕವನ್ನೂ ತಿಂದು ಮುಗಿಸುತ್ತವೆ. ಹಾಗಾಗಿ ಅಷ್ಟು ದೊಡ್ಡ ಡ್ಯಾಮಿನಲ್ಲಿ ಮೀನಿಗೆ ಬದುಕಲು ಆಗುವುದು ಮೇಲಿನ ಪದರ ಮತ್ತು ಆ ಗಡಿಯ ಆಸುಪಾಸು. ತೀರಾ ಮೇಲೆ ಹೋದರೆ ಸೆಕೆ, ಹಗಲಲ್ಲಿ ದೋಣಿಗಳ ಗದ್ದಲ. ದೊಡ್ಡ ಮೀನು ದಡದಿಂದ ದೂರ, ನಡುನೀರಿನಲ್ಲಿ ತೇಲುತ್ತ ನಿಲ್ಲುತ್ತದೆ. ಹುಡುಕುವುದು ಕಷ್ಟ.

ಏಪ್ರಿಲ್, ಮೇ ಬರಲಿ. ರಾತ್ರಿಯ ಚಳಿಗೆ ಮೇಲಿನ ನೀರು ತಣ್ಣಗಾಗುತ್ತದೆ, ಭಾರವಾಗುತ್ತದೆ, ಇಳಿಯುತ್ತದೆ. ಜೊತೆಗೆ ಗಾಳಿ ಕಲಕುತ್ತದೆ. ಗಡಿ ಪ್ರತಿ ವಾರ ಸ್ವಲ್ಪ ಸ್ವಲ್ಪ ಕೆಳಗೆ ಹೋಗಿ, ಒಂದು ದಿನ ಇಲ್ಲವೇ ಆಗುತ್ತದೆ. ನಮ್ಮಲ್ಲಿ ಆಷಾಢದ ಮಳೆ ಹಿಡಿಯುವ ಹೊತ್ತಿಗೆ ಅಲ್ಲಿ ಡ್ಯಾಮಿನ ನೀರು ಬಹುಪಾಲು ಒಂದೇ ತಾಪಕ್ಕೆ ಬಂದಿರುತ್ತದೆ. ದಡದ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದ್ದರೂ ನೀರು ಹತ್ತು ಡಿಗ್ರಿಯ ಮೇಲೆಯೇ ಇರುತ್ತದೆ. ನಡುಗುತ್ತಿರುವುದು ಮನುಷ್ಯ, ಮೀನಲ್ಲ! ಈಗ ಅದಕ್ಕೆ ತಾಪದ ಬೇಲಿ ಇಲ್ಲ. ಉಸಿರಿನ ಕೊರತೆಯೂ ಇಲ್ಲ, ಯಾಕೆಂದರೆ ತಣ್ಣಗಿನ ನೀರು ಆಮ್ಲಜನಕವನ್ನು ಜಾಸ್ತಿ ಹಿಡಿದಿಟ್ಟುಕೊಳ್ಳುತ್ತದೆ. ಎಲ್ಲಿ ಊಟವೋ ಅಲ್ಲಿಗೆ ಹೋಗಬಹುದು. ಊಟ ಇರುವುದು ದಡದ ಬಂಡೆಗಳ ಸಂದಿಯಲ್ಲಿ. ಕೋಪ್‌ಟನ್ ಸುತ್ತ ಎಲ್ಲಿ ನೋಡಿದರೂ ಗ್ರಾನೈಟ್ ಬಂಡೆ. ಸಂಜೆಯಾಗುತ್ತಲೇ ಮೀಟರ್ ಉದ್ದದ ಮೀನುಗಳು ನೀವು ನಿಂತ ಕಲ್ಲಿನ ಬುಡಕ್ಕೇ ಬರುತ್ತವೆ.

ಇನ್ನೊಂದು ಕಾರಣ ಹೊಟ್ಟೆ. ಚಳಿಯಲ್ಲಿ ತಣ್ಣನೆ ರಕ್ತದ ಪ್ರಾಣಿಗೆ ಅರಗುವುದು ನಿಧಾನ, ಓಡಾಡುವ ಮನಸ್ಸೂ ಕಡಿಮೆ. ಹತ್ತು ಚಿಕ್ಕ ಮೀನಿನ ಹಿಂದೆ ಬೀಳುವ ಬದಲು ಒಂದೇ ದೊಡ್ಡ ತುತ್ತು ಸಿಕ್ಕರೆ ಲಾಭ. ಜೊತೆಗೆ ವಸಂತದಲ್ಲಿ ನೀರು ಹದಿನೈದು ಡಿಗ್ರಿ ದಾಟಿದಾಗ ಮೊಟ್ಟೆ ಇಡಬೇಕು. ಹೆಣ್ಣು ಅದಕ್ಕೆ ಮೊದಲೇ ಮೈ ತುಂಬಿಕೊಳ್ಳಬೇಕು. ಅದಕ್ಕೇ ಅಲ್ಲಿನವರು ಚಳಿಗಾಲದಲ್ಲಿ ಅಂಗೈ ಉದ್ದದ್ದಲ್ಲ, ಮೊಣಕೈವರೆಗೆ ಬರುವಷ್ಟು ದೊಡ್ಡ ರಬ್ಬರಿನ ಮೀನನ್ನು ಕಟ್ಟುತ್ತಾರೆ. ನಿಧಾನವಾಗಿ, ತುಂಬಾ ನಿಧಾನವಾಗಿ ಎಳೆಯುತ್ತಾರೆ. ಕತ್ತಲಾದ ಮೇಲೆ ನೀರಿನ ಮೇಲೆಯೇ ಗುಳುಗುಳು ಸದ್ದು ಮಾಡುತ್ತ ಬರುವ ಲೂರ್, ಅಂದರೆ ನಕಲಿ ಎರೆ. ಕಾಡ್ ಅದಕ್ಕೆ ಬಾಯಿ ಹಾಕಿದಾಗ ಏಳುವ ಸದ್ದನ್ನು ಅವರು "ಬೂಫ್" ಅನ್ನುತ್ತಾರೆ. ರಾತ್ರಿಯಿಡೀ ಎಸೆದರೂ ಒಂದು ಬೂಫ್ ಕೇಳದೆ ವಾಪಸ್ ಹೋಗುವವರೇ ಜಾಸ್ತಿ. ಆ ತಾಳ್ಮೆಗೆ ನನ್ನ ನಮಸ್ಕಾರ.

[ದೃಶ್ಯ: ಡಾರ್ಲಿಂಗ್ ನದಿ, ಮೆನಿಂಡಿ]

ನೀರು ಬೆರೆಯುವುದು ಯಾವಾಗಲೂ ಒಳ್ಳೆಯದಾ? ಅಲ್ಲ. ಇದನ್ನು ಹೇಳದೆ ಮುಂದೆ ಹೋಗಲು ನನಗೆ ಆಗುವುದಿಲ್ಲ.

ಜನವರಿ 2019. ಮೆನಿಂಡಿ ಹತ್ತಿರ ಡಾರ್ಲಿಂಗ್ ನದಿ ಬರಗಾಲಕ್ಕೆ ಹರಿಯುವುದನ್ನೇ ನಿಲ್ಲಿಸಿತ್ತು. ಒಡ್ಡಿನ ಹಿಂದೆ ನಿಂತ ನೀರು ಪದರಗಳಾಗಿತ್ತು. ಮೇಲೆ ದಟ್ಟ ಪಾಚಿ, ಕೆಳಗೆ ಆಮ್ಲಜನಕ ಇಲ್ಲದ ನೀರು. ಸುಡುವ ಬಿಸಿಲಿನ ನಡುವೆ ಇದ್ದಕ್ಕಿದ್ದಂತೆ ತಂಪು ಗಾಳಿ ಬೀಸಿತು. ಕೋಪ್‌ಟನ್‌ನಲ್ಲಿ ವಾರಗಟ್ಟಲೆ ನಡೆಯುವ ಕೆಲಸ ಇಲ್ಲಿ ಒಮ್ಮೆಲೇ ನಡೆದುಹೋಯಿತು. ಕೆಳಗಿನ ಸತ್ತ ನೀರು ಮೇಲಿನದರ ಜೊತೆ ಬೆರೆಯಿತು. ಲಕ್ಷಾಂತರ ಮೀನು ಸತ್ತವು. ಅದರಲ್ಲಿ ದಶಕಗಳಷ್ಟು ವಯಸ್ಸಾದ ಮರ್ರೆ ಕಾಡ್‌ಗಳೂ ಇದ್ದವು. ಸತ್ತ ಆ ಮುದಿ ಮೀನುಗಳನ್ನು ಎದೆಗೆ ಅಪ್ಪಿಕೊಂಡು ನದಿಯಲ್ಲಿ ನಿಂತವರ ವಿಡಿಯೋ ಜಗತ್ತೆಲ್ಲ ನೋಡಿತು. ತಂಪು ಗಾಳಿಯನ್ನು ಮಾತ್ರ ದೂರುವುದು ಸರಿಯಲ್ಲ. ನದಿಗೆ ಹರಿವು ಉಳಿಸದೇ ಇದ್ದದ್ದು ಮನುಷ್ಯರ ಕೆಲಸವೂ ಹೌದು.

ಡ್ಯಾಮಿನ ಕೆಳಗೂ ಒಂದು ತೊಂದರೆ ಇದೆ. ಬೇಸಿಗೆಯಲ್ಲಿ ಹೊಲಗಳಿಗೆ ನೀರು ಬಿಡುವಾಗ ತೂಬು ಆಳದಲ್ಲಿದ್ದರೆ ಹೊರಗೆ ಬರುವುದು ಆ ತಣ್ಣನೆಯ ಪದರ. ಕೆಳಗಿನ ನದಿಯಲ್ಲಿ ಕಾಡ್ ಮೊಟ್ಟೆಯಿಡಲು ಬೇಕಾದ ಬಿಸುಪು ಬರುವುದೇ ಇಲ್ಲ. ಕೋಪ್‌ಟನ್ ಕೆಳಗಿನ ಗ್ವೈಡರ್ ನದಿಗೂ ಈ ಕಾಟ ಇದೆ. ಅದೇ ರಾಜ್ಯದ ಬರೆಂಡಾಂಗ್ ಡ್ಯಾಮಿನಲ್ಲಿ 2014ರಲ್ಲಿ ತೂಬಿನ ಸುತ್ತ ದೊಡ್ಡ ಪರದೆ ಇಳಿಬಿಟ್ಟು ಮೇಲಿನ ಬೆಚ್ಚಗಿನ ನೀರು ಹೋಗುವ ಹಾಗೆ ಮಾಡಿದ್ದರು. ಎಲ್ಲ ಆಳದ ಡ್ಯಾಮುಗಳಲ್ಲೂ ಇಂಥದ್ದೊಂದು ಏರ್ಪಾಡು ಬೇಕು ಅನ್ನುವುದು ನನ್ನ ಅಭಿಪ್ರಾಯ.

ಸಮಯ ಮುಗಿಯುತ್ತಿದೆ. ಪ್ರಶ್ನೆ ಕೇಳಿದವರೂ ಹೋಗುವ ಮನಸ್ಸು ಮಾಡಿದ್ದಾರಂತೆ, ಅವರಿಗಾಗಿ ನಿಯಮಗಳನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಗಾಳ ಹಾಕುವ ಮೊದಲು ರಾಜ್ಯದ ಮೀನುಗಾರಿಕೆ ಶುಲ್ಕ ಕಟ್ಟಿ. ಆ ದುಡ್ಡಿನಲ್ಲೇ ನೀರಿಗೆ ಮೀನಿನ ಮರಿ ಬಿಡುವ ಕೆಲಸವೂ ನಡೆಯುತ್ತದೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮರ್ರೆ ಕಾಡ್ ಹಿಡಿಯುವಂತಿಲ್ಲ. ಕೋಪ್‌ಟನ್ ಮತ್ತು ಬ್ಲೋವರಿಂಗ್ ಡ್ಯಾಮುಗಳಿಗೆ ಮಾತ್ರ ವಿನಾಯಿತಿ. ಇಟ್ಟುಕೊಳ್ಳಬಹುದಾದದ್ದು 55ರಿಂದ 75 ಸೆಂಟಿಮೀಟರ್ ಉದ್ದದ್ದು, ದಿನಕ್ಕೆ ಎರಡು. ಅದಕ್ಕಿಂತ ದೊಡ್ಡದನ್ನು ಬಿಡಲೇಬೇಕು. ದೊಡ್ಡ ಹೆಣ್ಣು ಒಂದೇ ಸಲಕ್ಕೆ ಹತ್ತಾರು ಸಾವಿರ ಮೊಟ್ಟೆ ಇಡುತ್ತದೆ. ಹೊರಡುವ ಮೊದಲು ಆ ವರ್ಷದ ನಿಯಮ ಒಮ್ಮೆ ನೋಡಿಕೊಳ್ಳಿ.

ಮೀನು ಸಿಕ್ಕರೆ ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಒಣ ಕೈಗೆ ಅದರ ಮೈಯ ಲೋಳೆ ಕಿತ್ತು ಬರುತ್ತದೆ. ಆದಷ್ಟು ನೀರಿನಲ್ಲೇ ಇಟ್ಟು ಕೊಕ್ಕೆ ಬಿಡಿಸಿ. ಫೋಟೋ ಬೇಕಿದ್ದರೆ ದವಡೆ ಹಿಡಿದು ನೇತುಹಾಕಬೇಡಿ. ಒಂದು ಕೈ ತಲೆಯ ಕಡೆ, ಇನ್ನೊಂದು ಹೊಟ್ಟೆಯ ಕೆಳಗೆ ಕೊಟ್ಟು, ಅಡ್ಡಲಾಗಿ ಎತ್ತಿ.