ಒಂದೇ ಪ್ಲಾಟಿನಂ, ಎರಡು ಔಷಧಿ

ಎಲ್ಲರಿಗೂ ನಮಸ್ಕಾರ. ಕೀಮೋ ವಾರ್ಡಿನಲ್ಲಿ ನನಗೆ ಪದೇ ಪದೇ ಎದುರಾಗುವ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. "ಡಾಕ್ಟ್ರೇ, ಪಕ್ಕದ ಬೆಡ್ಡಿನವರ ಡ್ರಿಪ್ ಒಂದು ಗಂಟೆಯಲ್ಲಿ ಮುಗೀತು. ನಮ್ಮ ಯಜಮಾನರಿಗೆ ಬೆಳಿಗ್ಗೆಯಿಂದ ಬಾಟಲಿ ಮೇಲೆ ಬಾಟಲಿ. ಇಬ್ಬರಿಗೂ ಪ್ಲಾಟಿನಂ ಔಷಧಿ ಅಂತೀರಿ. ನಮಗೂ ಅದನ್ನೇ ಕೊಡಬಾರದಾ?"

ಮೊನ್ನೆ ಒಬ್ಬ ಹೆಂಗಸು ಹೀಗೇ ಕೇಳಿದರು. ಪಕ್ಕದವರಿಗೆ ಹೋಗುತ್ತಿದ್ದದ್ದು ಕಾರ್ಬೋಪ್ಲಾಟಿನ್, ಅವರ ಯಜಮಾನರಿಗೆ ಸಿಸ್‌ಪ್ಲಾಟಿನ್. ಸಿಸ್‌ಪ್ಲಾಟಿನ್ ಅಕ್ಕ, ಕಾರ್ಬೋಪ್ಲಾಟಿನ್ ತಂಗಿ ಅನ್ನಿ.

ಅಕ್ಕನ ಗುಣ ಗೊತ್ತಾದದ್ದೇ ಆಕಸ್ಮಿಕ. ಅಮೆರಿಕದ ಮಿಷಿಗನ್‌ನಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಬ್ಯಾಕ್ಟೀರಿಯಾ ಇದ್ದ ದ್ರಾವಣಕ್ಕೆ ಕರೆಂಟ್ ಹರಿಸಿ ನೋಡುತ್ತಿದ್ದರು. ಅವು ಎರಡಾಗಿ ಒಡೆಯುವುದನ್ನು ಬಿಟ್ಟು ದಾರದ ಹಾಗೆ ಉದ್ದಕ್ಕೆ ಬೆಳೆದವು. ಕಾರಣ ಕರೆಂಟ್ ಅಲ್ಲ, ಪ್ಲಾಟಿನಂ ಎಲೆಕ್ಟ್ರೋಡಿನಿಂದ ಕರಗಿ ಬಂದ ಪ್ಲಾಟಿನಂ. 1965ರಲ್ಲಿ ಈ ವಿಷಯ ಪ್ರಕಟವಾಯಿತು. ಜೀವಕೋಶ ಒಡೆಯುವುದನ್ನೇ ಇದು ತಡೆಯುತ್ತದೆ ಅಂದರೆ ಕ್ಯಾನ್ಸರಿಗೂ ಆಗಬೇಕಲ್ವಾ? 1978ರಲ್ಲಿ ಸಿಸ್‌ಪ್ಲಾಟಿನ್‌ಗೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಕಾರ್ಬೋಪ್ಲಾಟಿನ್ ಬಂದದ್ದು 1989ರಲ್ಲಿ.

ಇಬ್ಬರ ಕೆಲಸವೂ ಒಂದೇ. ಕೋಶದೊಳಗೆ ಹೋಗಿ ಡಿಎನ್ಎಗೆ ಅಂಟಿಕೊಳ್ಳುವುದು. ವ್ಯತ್ಯಾಸ ಇರುವುದು ಅಂಟಿಕೊಳ್ಳುವ ಆತುರದಲ್ಲಿ. ಅಂಟಿಕೊಳ್ಳಬೇಕಾದರೆ ಪ್ಲಾಟಿನಂ ಮೊದಲು ತಾನು ಹಿಡಿದಿರುವ ತುಂಡನ್ನು ಬಿಡಬೇಕು. ಸಿಸ್‌ಪ್ಲಾಟಿನ್ ತನ್ನ ಎರಡು ಕ್ಲೋರೈಡ್‌ಗಳನ್ನು ಬೇಗ ಬಿಟ್ಟುಬಿಡುತ್ತದೆ. ಕಾರ್ಬೋಪ್ಲಾಟಿನ್ ಹಿಡಿದಿರುವ ತುಂಡು ನಿಧಾನವಾಗಿ ಕಳಚುತ್ತದೆ. ಹಾಗಾಗಿ ಅಕ್ಕ ದಾರಿಯಲ್ಲಿ ಕಿಡ್ನಿ, ಕಿವಿ, ಕೈಕಾಲಿನ ನರ ಎಲ್ಲವನ್ನೂ ಜಾಸ್ತಿ ಕೆಣಕುತ್ತಾಳೆ. ವಾಂತಿಯೂ ಅವಳಲ್ಲೇ ಹೆಚ್ಚು. ಆ ಬಾಟಲಿಗಳಲ್ಲಿ ಬಹುಪಾಲು ಉಪ್ಪುನೀರೇ, ಕಿಡ್ನಿ ತೊಳೆದು ಕಳಿಸಲಿಕ್ಕೆ.

ಕಿವಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಗಂಟಲಿನ ಕ್ಯಾನ್ಸರ್ ಇದ್ದ ಒಬ್ಬ ಬಸ್ ಕಂಡಕ್ಟರ್ ಬರುತ್ತಿದ್ದರು. ಎರಡನೇ ಡೋಸ್ ಆದಮೇಲೆ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಸದ್ದು. ಸುಸ್ತಿಗೆ ಇರಬೇಕು ಅಂತ ಸುಮ್ಮನಿದ್ದರು. "ಮೊಬೈಲ್ ರಿಂಗಾದರೂ ಇವರಿಗೆ ಕೇಳಿಸ್ತಿಲ್ಲ" ಅಂತ ಹೇಳಿದ್ದು ಅವರ ಹೆಂಡತಿ. ಪರೀಕ್ಷೆ ಮಾಡಿಸಿದರೆ ಕೀಚಲು ದನಿಗಳು ಆಗಲೇ ಹೋಗಿದ್ದವು. ಹೋದ ಶ್ರವಣ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಉಳಿದ ಡೋಸಿಗೆ ಕಾರ್ಬೋಪ್ಲಾಟಿನ್‌ಗೆ ಬದಲಾಯಿಸಿದೆವು. ಅವರು ಮೊದಲ ದಿನವೇ ಹೇಳಿದ್ದರೆ ಅನ್ನೋ ಸಂಕಟ ನನಗೆ ಇವತ್ತಿಗೂ ಇದೆ.

ಹಾಗಂತ ತಂಗಿ ಸಾಧು ಅಂದುಕೊಳ್ಳಬೇಡಿ. ಅವಳ ಪೆಟ್ಟು ಬೀಳುವುದು ರಕ್ತಕ್ಕೆ, ಅದರಲ್ಲೂ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗೆ. ಇಳಿತ ಹೆಚ್ಚಾಗಿ ಮನೆಗೆ ಹೋದಮೇಲೆ, ಎರಡು ಮೂರು ವಾರಕ್ಕೆ ಗೊತ್ತಾಗುತ್ತದೆ. ಹಲ್ಲುಜ್ಜುವಾಗ ರಕ್ತ, ಚರ್ಮದ ಮೇಲೆ ಕೆಂಪು ಚುಕ್ಕೆ ಕಂಡರೆ ಫೋನ್ ಮಾಡಿ. ಯಾವ ಕೀಮೋ ಆದರೂ ಸರಿ, ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಕಾರ್ಬೋಪ್ಲಾಟಿನ್ ಬಹಳ ಸಲ ಪಡೆದವರಿಗೆ ಡ್ರಿಪ್ ಹೋಗುತ್ತಿರುವಾಗಲೇ ಅಲರ್ಜಿ ಆಗುವುದೂ ಉಂಟು. ತುರಿಕೆ ಶುರುವಾದ ತಕ್ಷಣ ಸಿಸ್ಟರನ್ನು ಕರೆಯಿರಿ.

ಯಾರಿಗೆ ಯಾವುದು? ಅಂಡಾಶಯದ ಕ್ಯಾನ್ಸರಿನಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ ಔಷಧಿ ಜೊತೆ ಕೊಟ್ಟಾಗ ಎರಡೂ ಸಮಸಮ. ಅಲ್ಲಿ ಕಾರ್ಬೋಪ್ಲಾಟಿನ್ ಕೊಡಲು ನನಗೆ ಹಿಂಜರಿಕೆಯಿಲ್ಲ. ವೃಷಣದ ಕ್ಯಾನ್ಸರ್ ಹರಡಿದ್ದಾಗ ಹಾಗಲ್ಲ. ಸಿಸ್‌ಪ್ಲಾಟಿನ್ ಜಾಗದಲ್ಲಿ ಕಾರ್ಬೋಪ್ಲಾಟಿನ್ ಹಾಕಿ ನೋಡಿದ ಪ್ರಯೋಗಗಳಲ್ಲಿ ಫಲಿತಾಂಶ ಕೆಟ್ಟಿತು. ವಾಸಿಯಾಗಬಲ್ಲ ಹುಡುಗನಿಗೆ ವಾಂತಿಯ ಭಯಕ್ಕೆ ಔಷಧಿ ಬದಲಿಸುವುದು ದೊಡ್ಡ ತಪ್ಪು. ವಾಂತಿ ತಡೆಯಲು ಈಗ ಒಳ್ಳೆಯ ಮಾತ್ರೆಗಳಿವೆ. ಹೊಗೆಸೊಪ್ಪು, ಗುಟ್ಕಾದಿಂದ ನಮ್ಮಲ್ಲಿ ಇಷ್ಟೊಂದು ಕಾಣುವ ಬಾಯಿ, ಗಂಟಲಿನ ಕ್ಯಾನ್ಸರಿಗೂ ರೇಡಿಯೇಷನ್ ಜೊತೆ ಮೊದಲ ಆಯ್ಕೆ ಸಿಸ್‌ಪ್ಲಾಟಿನ್‌ದೇ. ಕಿಡ್ನಿ, ಕಿವಿ, ಹೃದಯ ತಡೆದುಕೊಳ್ಳದಿದ್ದಾಗ ಬೇರೆ ದಾರಿ ನೋಡುತ್ತೇವೆ.

ಕೀಮೋ ನಡೆಯುವಾಗ ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬೇಡಿ. ಸಿಸ್‌ಪ್ಲಾಟಿನ್ ಜೊತೆ ಸೇರಿದರೆ ಕಿಡ್ನಿಗೆ ಎರಡು ಕಡೆಯಿಂದ ಏಟು.

ಆ ಹೆಂಗಸಿಗೆ ಇಷ್ಟನ್ನೇ ಹೇಳಿದೆ. ನಿಮ್ಮವರದು ಗಂಟಲಿನ ಕ್ಯಾನ್ಸರ್, ಕಿಡ್ನಿ ಚೆನ್ನಾಗಿದೆ, ಕಿವಿ ಪರೀಕ್ಷೆಯೂ ಸರಿಯಿದೆ, ಅದಕ್ಕೇ ಈ ಔಷಧಿ ಅಂತ. "ಹಾಗಾದ್ರೆ ನಾನೇನು ಮಾಡ್ಲಿ?" ಅಂದರು. ಎಷ್ಟು ನೀರು ಕುಡಿದರು, ಎಷ್ಟು ಮೂತ್ರ ಹೋಯಿತು ಬರೆದಿಡಿ ಅಂದೆ. ಸಂಜೆ ರೌಂಡ್ಸಿಗೆ ಹೋದಾಗ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಗಂಟೆ ಸಮೇತ ಗೆರೆ ಹಾಕಿ ಬರೆದಿದ್ದರು. ಕೊನೆಯ ಸಾಲಿನಲ್ಲಿ, "ಕಿವಿ ಕೇಳಿಸುತ್ತಿದೆ, ವಿಚಾರಿಸಿದೆ."